ಇಬ್ಬರು ಅಮೋಟಿ, ನಾಲ್ಕು ಚೀಲ

ಬಸ್ಸಿಗೆ ಇನ್ನೂ ಒಂದು ಇಡೀ ದಿನವಿತ್ತು. ಆದರೂ ಕಬಸಿಂಗೂಜಿ ಕೂತಲ್ಲಿ ಕೂರುತ್ತಿರಲಿಲ್ಲ. ಹೊಲಿಗೆ ಮೆಷಿನ್ನನ್ನು ನಾಲ್ಕು ಸಲ ತುಳಿದು ಎದ್ದು ಒಲೆಯ ಹತ್ತಿರ ಹೋಗುವಳು, ಕಡಲೆಕಾಯಿ ಸೀದಿತೇನೋ ಎಂದು ಕೈಯಾಡಿಸುವಳು. ಅಲ್ಲಿಂದ ಬಾಗಿಲಿಗೆ ಬಂದು, ಮನೆಗೆ ಹೊಸದಾಗಿ ಬಂದ ಹುಡುಗಿ ನಸ್ಸಾಲಿ ಎಲ್ಲಿದ್ದಾಳೆ ಎಂದು ಕತ್ತು ಚಾಚುವಳು. ಮತ್ತೆ ಬಂದು ಮೆಷಿನ್ನಿನ ಮುಂದೆ ಕೂತರೆ ದಾರ ತುಂಡಾಗಿರುತ್ತಿತ್ತು. ದಾರಕ್ಕೂ ಅವಳ ಮೇಲೆ ಅದೇ ಹೊತ್ತಿಗೆ ಸಿಟ್ಟು ಬರಬೇಕೆ?

ಕಂಪಾಲದಿಂದ ಗಂಡನ ಊರಾದ ಫೋರ್ಟ್ ಪೋರ್ಟಲ್‌ಗೆ ಆರು ತಾಸಿನ ದಾರಿ. ಬಸ್ಸು ನಿಂತಲ್ಲೆಲ್ಲ ಕಿಟಕಿಗೆ ಕೈಗಳು ಏರಿ ಬರುತ್ತವೆ: ಕಡ್ಡಿಗೆ ಚುಚ್ಚಿದ ಮಾಂಸ, ಕೆಂಡದಲ್ಲಿ ಸುಟ್ಟ ಬಾಳೆ, ತಣ್ಣನೆಯ ಸೋಡಾ, ಪ್ಲಾಸ್ಟಿಕ್ಕಿನ ಕಪ್ಪು ಕನ್ನಡಕ. ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಹೊರಟವಳು ಒಂದು ಕಿಟಕಿಯಲ್ಲಿ ಸೋತಳೆಂದರೆ ಮುಗಿಯಿತು, ಊರು ಮುಟ್ಟುವವರೆಗೂ ಸೋಲಬೇಕು. ಅದಕ್ಕೇ ಅವಳು ಪ್ರತಿ ಡಿಸೆಂಬರಿನಲ್ಲೂ ಚೀಲ ಹೊಲಿಯುತ್ತಿದ್ದಳು. ಗಿರಾಕಿಗಳ ಗೌನು ಹೊಲಿದು ಉಳಿದ ಬಣ್ಣಬಣ್ಣದ ಅಚ್ಚಿನ ಕಿಟೆಂಗೆ ಬಟ್ಟೆಯ ತುಂಡುಗಳು ಹೇಗೂ ಇರುತ್ತಿದ್ದವು. ಬಾಯಿಗೆ ಲಾಡಿ, ಎದುರಿಗೆ ಕೆಂಪು ದಾರದಲ್ಲಿ ಹೆಸರು. ಒಳಗೆ ಹುರಿದ ಕಡಲೆಕಾಯಿ, ಎರಡು ಎಳ್ಳುಂಡೆ, ಹಪ್ಪಳದ ಹಾಗೆ ಗರಿಗರಿಯಾಗಿ ಕರಿದ ಮಿಡತೆ, ಬಾಳೆಹಣ್ಣಿನ ರೊಟ್ಟಿ. ಇದಿಷ್ಟೂ ಎಲ್ಲರಿಗೂ ಒಂದೇ. ಉಳಿದದ್ದು ವಯಸ್ಸಿಗೆ ತಕ್ಕ ಹಾಗೆ. ಆರು ವರ್ಷದ ಮಗ ಮುಗಿಸನಿಗೆ ದಾರಕ್ಕೆ ಪೋಣಿಸಿದ ಸೋಡಾ ಮುಚ್ಚಳಗಳು, ಕರಿಬಣ್ಣ ಬಳಿದ ರಟ್ಟು, ಒಂದು ಬಳಪ. ಒಂಬತ್ತರ ಮಗಳು ಬಿರುಂಗಿಗೆ ಬಾಳೆನಾರಿನ ಬೊಂಬೆ. ಅಕ್ಕನ ಮಗ ರುಸೋಕೆಗೆ ಹದಿನಾರು. ಅವನಿಗೆ ಒಂದು ಎಲೆ ಕಳೆದುಹೋದ ಇಸ್ಪೀಟು ಕಟ್ಟು, ಜೊತೆಗೆ ಕಾಗದದಲ್ಲಿ ಸುತ್ತಿದ ಬ್ಲೇಡು, ಸಾಬೂನಿನ ತುಂಡು. ಮೇಲ್ದುಟಿಯ ಮೇಲೆ ನಾಲ್ಕು ಕೂದಲು ಮೂಡಿದ್ದನ್ನು ಅವನು ಕನ್ನಡಿಯಲ್ಲಿ ದಿನಕ್ಕೆ ಹತ್ತು ಸಲ ನೋಡಿಕೊಳ್ಳುತ್ತಿದ್ದುದು ಅವಳ ಕಣ್ಣಿಗೆ ಬಿದ್ದಿತ್ತು.

ನಾಲ್ಕನೆಯ ಚೀಲ ನಸ್ಸಾಲಿಯದು. ಅರ್ಧಕ್ಕೆ ಕತ್ತರಿಸಿದ ನೋಟ್‌ಬುಕ್ಕು, ಪೆನ್ನು, ಹೊಟ್ಟೆ ತೊಳಸಿದರೆ ಮೂಸಲು ನಿಂಬೆಹಣ್ಣು. ಒಳಗಿನದೆಲ್ಲ ಸರಿಹೋಯಿತು. ಹೊರಗೆ ಏನು ಬರೆಯುವುದು ಎಂಬಲ್ಲಿಗೆ ಬಂದು ಅವಳ ಕೈ ನಿಂತಿತು.

ತೋರೊ ಜನರಲ್ಲಿ ಹುಟ್ಟುಹೆಸರು ಶಾಲೆಗೆ, ಕಚೇರಿಗೆ. ಮನೆಯಲ್ಲಿ, ಬೀದಿಯಲ್ಲಿ ಕರೆಯುವುದು ಎಂಪಾಕೊ ಎಂಬ ಕರೆಹೆಸರು ಹಿಡಿದೇ, ಪ್ರೀತಿಗೂ ಅದೇ ಗೌರವಕ್ಕೂ ಅದೇ. ಅವು ಇರುವುದೇ ಹನ್ನೆರಡು, ಗಂಡಿಗೂ ಹೆಣ್ಣಿಗೂ ಅವೇ. ಅದರಲ್ಲೊಂದು ದೊರೆಗೆ ಮೀಸಲು. ಕಬಸಿಂಗೂಜಿ ಎಲ್ಲರಿಗೂ ಅಬ್ವೋಲಿ. ಗಂಡ ಬಗುಮಾ ಅರಾಲಿ. ಮಗಳು ಅಕೀಕಿ, ಮಗ ಅಮೋಟಿ, ಅಕ್ಕನ ಮಗನೂ ಅಮೋಟಿ. ಮಗು ಹುಟ್ಟಿದ ನಾಲ್ಕಾರು ದಿನಕ್ಕೆ ತಂದೆಯ ಕಡೆಯವರು ಸೇರಿ ಅದನ್ನು ಇಡುತ್ತಾರೆ, ಇಟ್ಟು ಒಟ್ಟಿಗೆ ಉಣ್ಣುತ್ತಾರೆ. ನಸ್ಸಾಲಿಗೆ ಯಾರೂ ಇಟ್ಟಿರಲಿಲ್ಲ. ಅವಳು ಬಗುಮಾನ ಮದುವೆಗೆ ಮುಂಚಿನ ಮಗಳು. ಎಂಪಾಕೊ ಇಡುವ ಪದ್ಧತಿಯೇ ಇಲ್ಲದ ಬಗಾಂಡಾ ಜನರಲ್ಲಿ, ತಾಯಿಯ ತವರಿನಲ್ಲಿ ಬೆಳೆದವಳು. ತಾಯಿ ಒಮಾನಿಗೆ ಮನೆಗೆಲಸಕ್ಕೆ ಹೋದಳು, ಸಾಕಿದ ಅಜ್ಜಿ ತೀರಿಕೊಂಡಳು. ಹದಿನಾಲ್ಕು ವರ್ಷದ ಹುಡುಗಿ ಒಂದು ಗಂಟು ಹಿಡಿದು ಅಪ್ಪನ ಮನೆಯ ಬಾಗಿಲಿಗೆ ಬಂದು ಇಪ್ಪತ್ತು ದಿನವಾಗಿತ್ತು. ಅಪ್ಪ ಲಾರಿ ಹೊಡೆದುಕೊಂಡು ಜೂಬಾ ದಾರಿಯಲ್ಲಿದ್ದ. ಅವನಿಗೇನು ಕಷ್ಟ!

ಫೋನಿನಲ್ಲಿ ಅವನು ಹೇಳಿದ, "ಅದಕ್ಯಾಕೆ ಅಷ್ಟು ತಲೆ ಕೆಡಿಸ್ಕೊಳ್ತೀಯ ಅಬ್ವೋಲಿ? ಯಾವ್ದೋ ಒಂದು ಹೊಲಿದು ಕೊಡು."

"ಹೊಲಿಯೋಕೆ ನಾನ್ಯಾರು, ಅರಾಲಿ? ನಾನು ನಿಮ್ಮ ಕುಲದವಳಾ? ಇಡಬೇಕಾದವರು ನೀವು. ಹದಿನಾಲ್ಕು ವರ್ಷ ಏನು ಮಾಡ್ತಿದ್ರಿ, ಟೈರಿಗೆ ಗಾಳಿ ಹಾಕ್ತಿದ್ರಾ?"

"ಅಮ್ಮ ಇದ್ದಾಳಲ್ಲ, ನೋಡ್ಕೋತಾಳೆ ಬಿಡು," ಎಂದು ಅವನು ಫೋನಿಟ್ಟ.

ಅಮ್ಮ! ಊರಲ್ಲಿರುವ ಆ ಮುದುಕಿ ಅತ್ತೆ, ಬಂದವರು ಹೊಸಿಲು ದಾಟುವ ಮುಂಚೆ ಒಬ್ಬೊಬ್ಬರನ್ನೂ ಎಂಪಾಕೊ ಹಿಡಿದು ಮಾತಾಡಿಸುವವಳು. ಎಲ್ಲರೂ ಕರೆಸಿಕೊಂಡು ಒಳಗೆ ಹೋದ ಮೇಲೆ ಈ ಹುಡುಗಿಯೊಬ್ಬಳು ಅಂಗಳದಲ್ಲಿ ನಿಂತಿರುವುದು ಕಬಸಿಂಗೂಜಿಯ ಕಣ್ಣಿಗೆ ಕಟ್ಟಿದಂತಿತ್ತು. ಅಲ್ಲಿಯವರೆಗೆ ಹೋಗುತ್ತಾಳೋ ಇಲ್ಲವೋ ಎಂಬುದೇ ಖಾತ್ರಿಯಿರಲಿಲ್ಲ ಅನ್ನಿ. ಹಿಂದಿನ ಸಂಜೆ ನಲ್ಲಿಯ ಹತ್ತಿರ ನಸ್ಸಾಲಿ ರುಸೋಕೆಗೆ ಹೇಳುತ್ತಿದ್ದುದು ಗೋಡೆಯಾಚೆಯಿಂದ ಕೇಳಿತ್ತು.

"ನಾನು ದಾರೀಲಿ ಮಿತ್ಯಾನಾದಲ್ಲೇ ಇಳ್ಕೊಂಡ್ಬಿಡ್ತೀನಿ. ನಮ್ಮಮ್ಮನ ತಂಗಿಯ ಸಲೂನು ಬಸ್ ನಿಲ್ಲೋ ಜಾಗದ ಎದುರಿಗೇ ಇದೆ. ಆಗ್ದಿದ್ರೆ ಬಾ ಅಂದಿದಾಳೆ."

"ಯಾಕೆ, ಇಲ್ಲೇನಾಯ್ತು ನಿಂಗೆ? ಚಿಕ್ಕಮ್ಮ ಬೈದ್ರಾ?"

"ಬೈದ್ರೂ ವಾಸಿ ಇತ್ತು. ನಿಮ್ಮನ್ನೆಲ್ಲ ಅಮೋಟಿ, ಅಕೀಕಿ ಅಂತ ಮುದ್ದು ಮಾಡಿ ಕರೀತಾರೆ. ನನ್ನ ಹೆಸರು ಮಾತ್ರ ಕರೆಂಟ್ ಬಿಲ್ ಓದ್ದಂಗೆ ಓದ್ತಾರೆ."

ಮಾತು ನಿಜವೇ. ನಿಜವಾದ್ದರಿಂದಲೇ ಕಬಸಿಂಗೂಜಿ ನಲ್ಲಿಯ ಕಡೆ ಹೋಗದೆ ಒಳಕ್ಕೆ ತಿರುಗಿದ್ದಳು. ಚೀಲದ ಮೇಲೆ ನಸ್ಸಾಲಿ ಎಂದು ಬರೆದರೆ ಮೂರು ಎಂಪಾಕೊಗಳ ನಡುವೆ ಅದೊಂದು ಬೇರೆಯಾಗಿ ಎದ್ದು ಕಾಣುತ್ತದೆ. ಎಲ್ಲರ ಹೆಸರನ್ನೂ ಬಿಚ್ಚಿಬಿಡೋಣವೆಂದರೆ ಚೀಲಗಳು ಅದಲುಬದಲಾಗಿ ಕಚ್ಚಾಟ. ಸೂಜಿಗೆ ಕೆಂಪು ದಾರ ಪೋಣಿಸಿದಳು, ಇಟ್ಟಳು. ಬೆಳಗಿನ ಐದಕ್ಕೆ ಎದ್ದು ಮತ್ತೆ ಎತ್ತಿಕೊಂಡಳು. ಕೊನೆಗೆ ಬಸ್ಸಿಗೆ ಹೊತ್ತಾಯಿತೆಂಬ ಗಡಿಬಿಡಿಯಲ್ಲಿ ಸೂಜಿಯನ್ನು ಬರಿಯ ಬಟ್ಟೆಗೇ ಚುಚ್ಚಿ ಹೊರಟಳು.

ಬಸ್ಸು ನಿಲ್ದಾಣ ಬಿಟ್ಟು ಊರಾಚೆ ಬಂದ ಮೇಲೆ ಚೀಲಗಳನ್ನು ಹಂಚಿದಳು. ನಸ್ಸಾಲಿ ತನ್ನದನ್ನು ಈ ಬದಿ ಆ ಬದಿ ತಿರುಗಿಸಿ ನೋಡಿದಳು. ಪಕ್ಕದ ಬಿರುಂಗಿಯ ಚೀಲದ ಮೇಲೆ ಬೆರಳಾಡಿಸಿ ಓದಿದಳು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿದಳು. ಅವಳ ಬಟ್ಟೆಯ ಗಂಟು ಮೇಲೆ ಸಾಮಾನಿನ ಜಾಗದಲ್ಲಿರಲಿಲ್ಲ, ತೊಡೆಯ ಮೇಲೇ ಇತ್ತು. ಕಬಸಿಂಗೂಜಿ ಅದನ್ನು ನೋಡಿ ಬಾಯಿ ತೆರೆದಳು. ಅಷ್ಟರಲ್ಲಿ ಹಿಂದಿನ ಸೀಟಿನಿಂದ ರುಸೋಕೆ ಕೂಗಿದ.

"ಚಿಕ್ಕಮ್ಮಾ, ಸೋಡಾ ಮುಚ್ಚಳ ಪೋಣಿಸ್ಕೊಂಡು ಆಡೋಕೆ ನಾನೇನು ಎಳೇ ಮಗುನಾ?"

ಕಬಸಿಂಗೂಜಿ ತಿರುಗಿ ನೋಡಿದಳು. ಎರಡು ಚೀಲ, ಎರಡರ ಮೇಲೂ ಅಮೋಟಿ! ಹೊಲಿಯುವಾಗ ಯಾವುದು ಯಾರದೆಂದು ಅವಳಿಗೆ ಗೊತ್ತಿತ್ತು, ಚೀಲಗಳಿಗೆ ಗೊತ್ತಿರಬೇಕಲ್ಲ. ಮುಂದಿನ ಸೀಟಿಗೆ ಬಗ್ಗಿ ನೋಡಿದರೆ ಮುಗಿಸ ಸಾಬೂನನ್ನು ನೆಕ್ಕಿ ಕೆನ್ನೆಗೆ ಬಳಿದುಕೊಂಡು, ಬ್ಲೇಡಿನ ಕಾಗದ ಬಿಚ್ಚಿ ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದಾನೆ.

"ಅಮೋಟಿ! ಕೆಳಗಿಡು ಅದನ್ನ!"

ಬಸ್ಸಿನಲ್ಲಿ ಆರು ತಲೆ ತಿರುಗಿದವು. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಕಟ್ಟನ್ನು ಥಟ್ಟನೆ ಸೀಟಿನ ಮೇಲಿಟ್ಟ. ಕೋಟು ತೊಟ್ಟ ಯಜಮಾನರು ತೊಡೆಯ ಮೇಲಿದ್ದ ಹುಂಜವನ್ನು ಕೆಳಗೆ ಬಿಟ್ಟರು. ಇಬ್ಬರು ಹೆಂಗಸರು ಕೈಯಲ್ಲಿದ್ದ ಫೋನು ಇಳಿಸಿದರು. ರುಸೋಕೆ ಸೋಡಾ ಮುಚ್ಚಳ ಬಿಸಾಕಿದ. ಇಡಬೇಕಾದ ಮುಗಿಸ ಮಾತ್ರ ಬ್ಲೇಡನ್ನು ಇನ್ನೂ ಮೇಲೆತ್ತಿ, "ಯಾವ ಅಮೋಟಿ, ಅಮ್ಮಾ?" ಎಂದ.

ಅವಳು ಹಾರಿ ಹೋಗಿ ಬ್ಲೇಡು ಕಿತ್ತುಕೊಂಡಳು. ಬಸ್ಸಿಗೆ ಬಸ್ಸೇ ನಗುತ್ತಿತ್ತು. ಪಕ್ಕದ ಸಾಲಿನಲ್ಲಿದ್ದ ದಪ್ಪನೆಯ ಅಜ್ಜಿಯೊಬ್ಬಳು ಕಣ್ಣೊರೆಸಿಕೊಳ್ಳುತ್ತ ಹೇಳಿದಳು, "ಏನಮ್ಮಾ ತಾಯಿ, ಇಬ್ಬರು ಅಮೋಟಿಗಳನ್ನ ಇಟ್ಕೊಂಡು ಚೀಲದ ಮೇಲೆ ಅಮೋಟಿ ಅಂತ ಬರೀತಾರಾ ಯಾರಾದ್ರೂ? ನಮ್ಮವರಿಗಲ್ದೆ ಇನ್ಯಾರಿಗೆ ಬರುತ್ತೆ ಈ ಬುದ್ಧಿ!"

ನಸ್ಸಾಲಿಯೂ ನಕ್ಕಳು. ಇಪ್ಪತ್ತು ದಿನದಲ್ಲಿ ಮೊದಲ ಸಲ. ಕಬಸಿಂಗೂಜಿ ನೋಡಿದಳೆಂದು ಗೊತ್ತಾಗಿ ತಟ್ಟನೆ ತುಟಿ ಬಿಗಿದುಕೊಂಡು, ಚೀಲದಲ್ಲಿ ಸಿಕ್ಕಿದ್ದ ಸೂಜಿಯನ್ನು ತೋರಿಸಿದಳು.

"ಸೂಜಿ ಮರೆತಿದೀರಿ."

"ಮರೆತಿಲ್ಲ," ಎಂದಳು ಕಬಸಿಂಗೂಜಿ. ಅರ್ಧ ಸುಳ್ಳು, ಆದರೆ ಉಳಿದರ್ಧ ಈಗ ತಾನೇ ನಿಜವಾಯಿತು. "ನಿನಗೆ ಹೆಸರಿಡೋಕೆ ನಂಗೆ ಹಕ್ಕಿಲ್ಲ ಮಗಳೇ. ನಿನ್ನ ಅಪ್ಪನ ಕಡೆಯವರು ಇಡಬೇಕು. ಇಟ್ಟ ತಕ್ಷಣ ಹೊಲೀಬೇಕಲ್ಲ, ಅದಕ್ಕೇ ಸೂಜಿ."

"ಅವರೂ ಇಡದಿದ್ರೆ?"

ಕಬಸಿಂಗೂಜಿಗೆ ಇಟ್ಟೇ ಇಡುತ್ತಾರೆ ಎಂದು ಬಾಯಿತುದಿಗೆ ಬಂತು. ಹದಿನಾಲ್ಕು ವರ್ಷ ಇಡದವರ ಪರವಾಗಿ ಮಾತು ಕೊಡಲು ನಾಲಿಗೆ ಏಳಲಿಲ್ಲ. ಅಷ್ಟರಲ್ಲೇ ಕಂಡಕ್ಟರ್ "ಮಿತ್ಯಾನಾ! ಮಿತ್ಯಾನಾ ಇಳಿಯೋರು!" ಎಂದು ಬಾಗಿಲು ಬಡಿದ.

ನಸ್ಸಾಲಿ ಎದ್ದಳು. ಗಂಟನ್ನು ಎದೆಗವಚಿಕೊಂಡು, ಮಂದಿಯ ನಡುವೆ ನುಸುಳಿ ಇಳಿದೇಬಿಟ್ಟಳು. ಕಿಟೆಂಗೆ ಚೀಲ ಸೂಜಿಯ ಸಮೇತ ಸೀಟಿನ ಮೇಲೆ ಬಿದ್ದಿತ್ತು.

ಕಬಸಿಂಗೂಜಿ ಚೀಲ ಹಿಡಿದು ಓಡಿದಳು. ಕಿಟಕಿಗೆ ಬಾಳೆ ತಂದವರು, ಇಳಿಯುವವರು, ಹತ್ತುವವರು, ಎಲ್ಲರಿಗೂ ಅಡ್ಡ ಬರಲು ಅದೇ ಗಳಿಗೆ ಬೇಕಿತ್ತು. ಬಾಗಿಲಿಗೆ ಬಂದಾಗ ಹುಡುಗಿ ಆಗಲೇ ರಸ್ತೆ ದಾಟಲು ನಿಂತಿದ್ದಳು. ಆಚೆ ಬದಿಯಲ್ಲಿ ಗುಲಾಬಿ ಬಣ್ಣದ ಸಲೂನು, ತೆರೆದ ಬಾಗಿಲು. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ಕಬಸಿಂಗೂಜಿ ಗಂಟಲು ಹರಿಯುವಂತೆ ಕರೆದಳು.

"ನಸ್ಸಾಲೀ!"

ಸುಟ್ಟ ಬಾಳೆ ಮಾರುತ್ತಿದ್ದ ಹೆಂಗಸು ತಿರುಗಿ, "ನನ್ನನ್ನ ಕರೆದ್ರಾ?" ಎಂದಳು. ಬಗಾಂಡಾ ಊರಾದ ಮಿತ್ಯಾನಾದಲ್ಲಿ ನಸ್ಸಾಲಿಯರಿಗೇನು ಬರ? ಬೇಕಾದವಳು ಮಾತ್ರ ತಿರುಗಲಿಲ್ಲ. ಮತ್ತೇನೆಂದು ಕರೆಯುವುದು? ಅವಳ ಬಾಯಲ್ಲಿ ಇನ್ನೊಂದು ಹೆಸರಿರಲಿಲ್ಲ, ಇಡುವ ಹಕ್ಕಿರಲಿಲ್ಲ. ಕಂಡಕ್ಟರ್ ಬೆನ್ನ ಹಿಂದೆ "ಹತ್ತಿ ಅಮ್ಮಾ, ಹೊರಡ್ತೀವಿ!" ಎಂದು ಗದರುತ್ತಿದ್ದ. ಇಂಜಿನ್ನು ಗುಡುಗಿತು. ಅವಳಿಗೆ ಅಳು ಬಂತು. ಈ ಹುಡುಗಿ ಹೋದರೆ ಗಂಡನಿಗೆ ಏನು ಹೇಳಲಿ ಎಂದಲ್ಲ. ಈ ಹುಡುಗಿ ಹೋಗುತ್ತಿದ್ದಾಳಲ್ಲ ಎಂದು.

ಆಗ ಮೇಲಿನ ಕಿಟಕಿಯಿಂದ, ಕೆನ್ನೆಯ ಮೇಲೆ ಸಾಬೂನಿನ ನೊರೆ ಒಣಗಿಸಿಕೊಂಡಿದ್ದ ಮುಗಿಸ ಅರ್ಧ ಮೈ ಹೊರಗೆ ಹಾಕಿ ಕಿರುಚಿದ.

"ಅಮೋಟೀ! ಚೀಲ ಬಿಟ್ಟು ಹೋಗ್ತಿದೀಯಾ!"

ಬಸ್ಸಿನೊಳಗೆ ಐದು ತಲೆ ತಿರುಗಿದವು. ಆರನೆಯದು ರಸ್ತೆಯ ಅಂಚಿನಲ್ಲಿ ತಿರುಗಿತು.

"ಯಾರನ್ನೋ ಕರೆದದ್ದು ನೀನು?" ಎಂದಳು ಕಬಸಿಂಗೂಜಿ, ಮೇಲೆ ನೋಡುತ್ತ.

"ಅಕ್ಕನ್ನ. ಅವಳಿಗಿಲ್ವಲ್ಲ, ನಂದೇ ಕೊಟ್ಟೆ. ಇಬ್ಬರು ಇದ್ದೀವಿ, ಮೂರಾದ್ರೆ ಏನಾಗುತ್ತೆ?"

ದಪ್ಪನೆಯ ಅಜ್ಜಿ ತನ್ನ ಕಿಟಕಿಯಿಂದ ಕತ್ತು ಹಾಕಿದಳು. "ಇವನು ಆ ಹುಡುಗಿಗೆ ಏನಾಗ್ಬೇಕಮ್ಮಾ?"

"ತಮ್ಮ. ಅಪ್ಪ ಒಬ್ಬನೇ."

"ಮತ್ತಿನ್ನೇನು ಬೇಕು? ಅಪ್ಪನ ಕಡೆಯವನೇ ಇಟ್ಟ. ಇಡೋನು ಎಷ್ಟು ಮೊಳ ಉದ್ದ ಇರಬೇಕು ಅಂತೇನಾದ್ರೂ ಇದೆಯಾ?" ಎಂದು ಅಜ್ಜಿ ರಸ್ತೆಯತ್ತ ತಿರುಗಿ ಗದರಿದಳು, "ಏ ಅಮೋಟಿ! ಬಿಸಿಲಲ್ಲಿ ಏನು ನೋಡ್ತಾ ನಿಂತೆ? ಹೆಸರಿಟ್ಟಾಯ್ತು, ಊಟ ಹಾಕ್ಬೇಕು, ಹತ್ತು!"

ನಸ್ಸಾಲಿ ಸಲೂನಿನ ಕಡೆ ನೋಡಿದಳು. ಬಸ್ಸಿನ ಕಡೆ ನೋಡಿದಳು. ತಮ್ಮ ಕಿಟಕಿಯಿಂದ ಅರ್ಧ ಕಚ್ಚಿದ ಎಳ್ಳುಂಡೆಯನ್ನು ಚಾಚಿ ಹಿಡಿದಿದ್ದ. ಅವಳು ಬಂದಳು, ಆದರೆ ಹತ್ತಲಿಲ್ಲ. ಮೆಟ್ಟಿಲ ಹತ್ತಿರ ನಿಂತು ಕಬಸಿಂಗೂಜಿಯ ಮುಖವನ್ನೇ ನೋಡಿದಳು. ಏನನ್ನು ಕಾಯುತ್ತಿದ್ದಾಳೆಂದು ತಿಳಿಯಲು ಆ ಹೆಂಗಸಿಗೆ ಒಂದು ಗಳಿಗೆ ಹಿಡಿಯಿತು.

"ಬಾ, ಅಮೋಟಿ," ಎಂದಳು. ಈ ಸಲ ಅದು ಕರೆಂಟ್ ಬಿಲ್ಲಿನ ಹಾಗೆ ಬರಲಿಲ್ಲ.

ಮಿತ್ಯಾನಾ ಹಿಂದೆ ಬಿತ್ತು. ಗಂಟು ಮೇಲೆ ಸಾಮಾನಿನ ಜಾಗಕ್ಕೆ ಹೋಯಿತು. ಒಂದು ಎಳ್ಳುಂಡೆ ಐದು ತುಂಡಾಗಿ ಐದು ಬಾಯಿಗೆ ಹೋಯಿತು, ಅಜ್ಜಿ ತನ್ನ ಪಾಲನ್ನು ಕೇಳಿಯೇ ಇಸಕೊಂಡಳು. ಕಬಸಿಂಗೂಜಿ ಬರಿಯ ಚೀಲವನ್ನು ಮಂಡಿಯ ಮೇಲೆ ಹರಡಿಕೊಂಡು ಹೊಲಿಯತೊಡಗಿದಳು. ರಸ್ತೆಯ ಗುಂಡಿಗೊಂದು ಅಕ್ಷರ ಸೊಟ್ಟಗಾಗುತ್ತಿತ್ತು. ಊರಲ್ಲಿ ಅತ್ತೆ ಇದನ್ನು ಒಪ್ಪುತ್ತಾಳೋ, ಬೇರೆ ಇಡುತ್ತಾಳೋ. ಬೇರೆ ಇಟ್ಟರೆ ಬಿಚ್ಚಿ ಹೊಲಿದರಾಯಿತು. ಅಂಗಳದಲ್ಲಿ ಮಾತ್ರ ಈ ಹುಡುಗಿ ಒಬ್ಬಳೇ ನಿಲ್ಲುವುದಿಲ್ಲ, ನಿಂತರೆ ತಾನೂ ಜೊತೆಗೆ ನಿಲ್ಲುವುದು ಎಂದು ಅವಳು ನಿಶ್ಚಯಿಸಿದಳು. ಅಷ್ಟರಲ್ಲಿ ಬಸ್ಸು ಇನ್ನೊಂದು ಗುಂಡಿಗೆ ಇಳಿಯಿತು, ದಾರ ಸುರುಳಿ ಸುತ್ತಿಕೊಂಡು ಗಂಟು ಬಿತ್ತು.

ಪಕ್ಕದಿಂದ ಒಂದು ಕೈ ಬಂದು ಸೂಜಿ ಹಿಡಿಯಿತು.

"ಇತ್ತ ಕೊಡಿ, ಅಬ್ವೋಲಿ," ಎಂದಳು ಹುಡುಗಿ. "ನೀವು ಎಳೆದಷ್ಟೂ ಬಿಗಿಯಾಗುತ್ತೆ. ನಾನು ಬಿಡಿಸ್ತೀನಿ."