ಮೇಡಂ ಕನ್ನಡಕ ತೆಗೆದರು

ಬ್ಯಾಡಗಿಯಲ್ಲಿ ಸೀನು ಬರುತ್ತದೆಂದು ಕೋರ್ಟಿಗೆ ಹೋದವನು ವೀರೇಂದ್ರ ಒಬ್ಬನೇ ಇರಬೇಕು. ಮೆಣಸಿನಕಾಯಿ ಸುಗ್ಗಿಯಲ್ಲಿ ಇಲ್ಲಿ ಇಡೀ ಊರೇ ಸೀನುತ್ತದೆ. ಮದುಮಗ ತಾಳಿ ಕಟ್ಟುತ್ತಾ ಸೀನಿದರೂ ಯಾರೂ ಅಪಶಕುನ ಅನ್ನುವುದಿಲ್ಲ. ಈ ಪುಣ್ಯಾತ್ಮ ಮಾತ್ರ, ಎದುರುಮನೆ ಬುಡನಸಾಬರ ಖಾರ ಕುಟ್ಟುವ ಗಿರಣಿಯ ಘಾಟು ತಡೆಯಲಾಗುತ್ತಿಲ್ಲ, ಅದನ್ನು ಮುಚ್ಚಿಸಿ ಎಂದು ದಾವಾ ಹಾಕಿದ್ದ.

ಬುಡನಸಾಬರ ವಕೀಲರು ನಮ್ಮ ಸೀನಿಯರ್ ವಿಜಯಮಹಾಂತೇಶ ಸಾಹೇಬರು. ಅವರಿಗೆ ಅವತ್ತೇ ಹಾವೇರಿಯಲ್ಲಿ ಇನ್ನೊಂದು ಕೇಸು. ಹೀಗಾಗಿ, ಕರಿಕೋಟಿನ ಇಸ್ತ್ರಿ ಇನ್ನೂ ಕೆಡದ ನಾನು, ಮೋಟೆಬೆನ್ನೂರಿನ ಮೇಘಾ, ಮೊದಲ ಸಲ ಒಬ್ಬಳೇ ಪಾಟಿ ಸವಾಲಿಗೆ ನಿಲ್ಲಬೇಕಾಯಿತು.

"ತಂಗಿ, ಗಿರಣಿ ಹೋತಂದ್ರ ನನಗ ಬ್ಯಾರೆ ಕೆಲಸ ಬರೂದಿಲ್ಲವಾ," ಅಂದರು ಬುಡನಸಾಬರು ಕೋರ್ಟಿನ ಮೆಟ್ಟಿಲ ಮೇಲೆ.

"ಹೆದರಬ್ಯಾಡ್ರಿ ಚಾಚಾ, ನಾ ಇದ್ದೀನಲ್ಲ," ಎಂದೆ. ಹೇಳಿದ್ದೇನೋ ಜೋರಾಗಿಯೇ. ಆದರೆ ಆ ಮಾತಿನ ಮೇಲೆ ನನಗೇ ನಂಬಿಕೆ ಇರಲಿಲ್ಲ. ಯಾಕೆಂದರೆ ವೀರೇಂದ್ರನ ಪರ ಸಾಕ್ಷಿ ಹೇಳಲು ಬರುವವರು ಅವನ ಪಕ್ಕದ ಮನೆಯ ನಿರ್ಮಲಾ ಮೇಡಂ. ರಾಣೆಬೆನ್ನೂರಿನ ಕಾಲೇಜಿನಲ್ಲಿ ಮೂರು ವರ್ಷ ನನಗೆ ರಾಜ್ಯಶಾಸ್ತ್ರ ಕಲಿಸಿದವರು!

ಮೇಡಂ ಕ್ಲಾಸಿನಲ್ಲಿ ಯಾರಿಗೂ 'ತಪ್ಪು' ಅಂದವರಲ್ಲ. ಉತ್ತರ ಕೇಳಿ, "ಹೂಂ, ಮುಂದ?" ಎಂದು ಸುಮ್ಮನಾಗುತ್ತಿದ್ದರು, ಅಷ್ಟೇ. ಆ ಮೌನ ತಡೆಯಲಾರದೆ ನಾವು ಒಂದೊಂದೇ ಮಾತು ಬಿಚ್ಚಿ, ನಮ್ಮ ಬಂಡವಾಳವನ್ನು ನಾವೇ ಬಯಲು ಮಾಡಿಕೊಳ್ಳುತ್ತಿದ್ದೆವು. ಉತ್ತರ ಸಾಕು ಅನಿಸಿದಾಗ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು. ಹಾಗೆಂದರೆ 'ಕುಳಿತುಕೋ' ಎಂದು. ಇಡೀ ಕ್ಲಾಸಿಗೆ ಅದು ತಿಳಿಯುತ್ತಿತ್ತು, ನನ್ನೊಬ್ಬಳನ್ನು ಬಿಟ್ಟು. ಸರಿ ಉತ್ತರ ಹೇಳಿದ ಮೇಲೂ ಮಾತಾಡುತ್ತಲೇ ಇದ್ದು ಎಲ್ಲ ಕೆಡಿಸಿಕೊಳ್ಳುತ್ತಿದ್ದೆ. "ನಿನ್ನ ಉತ್ತರ ಚಲೋ ಇರ್ತಾವ ಮೇಘಾ, ಬಾಲ ಭಾಳ ಉದ್ದ," ಎನ್ನುತ್ತಿದ್ದರು.

ಮೇಡಂ ಕೋರ್ಟ್ ಹಾಲ್ ಒಳಗೆ ಕಾಲಿಟ್ಟರು. ನಾನು ಎದ್ದು ನಿಂತೆ. ಬೆಂಚ್ ಕ್ಲಾರ್ಕ್ ಎದ್ದ. ವೀರೇಂದ್ರನ ವಕೀಲನೂ ಎದ್ದ. ನ್ಯಾಯಾಧೀಶರು ಮೈಸೂರು ಕಡೆಯವರು, ಮೂಗಿಗೆ ಕರವಸ್ತ್ರ ಹಿಡಿದು ಕುಳಿತಿದ್ದರು. "ಏನ್ರೀ ಇದು? ನಾನು ಬಂದಾಗಲೂ ಇಷ್ಟು ಚೆನ್ನಾಗಿ ಎದ್ದು ನಿಲ್ಲಲ್ವಲ್ಲ ನೀವು!" ಎಂದರು.

ಮೇಡಂ ಪ್ರಮಾಣ ಮಾಡಿದರು. ವೀರೇಂದ್ರನ ವಕೀಲನ ಪ್ರಶ್ನೆಗಳು ಮುಗಿದು ನನ್ನ ಸರದಿ ಬಂತು. "ಮೇಡಂ, ನಿಮಗ ಸೀನು ಬರ್ತಾವೇನ್ರಿ?"

"ಸೆಟದು ನಿಂತು ಕೇಳು. ಕಡೀ ಬೆಂಚಿಗೆ ಕೇಳಸ್ಬೇಕು."

ನಾನು ಸೆಟೆದು ನಿಂತೆ. ಹಿಂದೆ ಕುಳಿತಿದ್ದ ಬುಡನಸಾಬರೂ ಸೆಟೆದು ಕುಳಿತರು. ಪ್ರಶ್ನೆಯನ್ನು ಮತ್ತೆ ಕೇಳಿದೆ.

"ಬರ್ತಾವ. ಗಿರಣಿ ಶುರುವಾತಂದ್ರ ಬರ್ತಾವ," ಎಂದರು ಮೇಡಂ.

ಮುಗಿಯಿತಲ್ಲ ಕಥೆ! ವೀರೇಂದ್ರ ಮೀಸೆಯಡಿ ನಕ್ಕ. ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ ಪ್ರಶ್ನೆಗಳು ತಲೆಯಿಂದ ಓಡಿಹೋದವು. ಉಳಿದದ್ದು ಒಂದೇ, ಅದೇ ಬಾಯಿಗೆ ಬಂತು.

"ಹೂಂ, ಮುಂದ?"

"ಇದೇನ್ ಪ್ರಶ್ನೇರಿ ಸಾಹೇಬ್ರ?" ಎಂದು ವೀರೇಂದ್ರನ ವಕೀಲ ತಕರಾರು ತೆಗೆದ.

"ಸಾಕ್ಷಿಗೆ ಅರ್ಥ ಆಯ್ತಾ?" ಎಂದರು ನ್ಯಾಯಾಧೀಶರು.

"ಆತ್ರಿ. ಭಾಳ ಚಲೋ ಪ್ರಶ್ನೆ ಐತಿ," ಎಂದು ಮೇಡಂ ನನ್ನನ್ನೇ ನೋಡಿದರು. ನಾನು ತುಟಿ ಬಿಗಿದು ನಿಂತೆ. ಆ ಮೌನ ಅವರಿಗೂ ತಡೆಯಲಾಗಲಿಲ್ಲ. "ಗಿರಣಿ ಬಂದ್ ಇದ್ದಾಗೂ ಬರ್ತಾವ."

"ಹೂಂ, ಮುಂದ?"

"ಶುಕ್ರವಾರ ಬುಡನಸಾಬ್ರು ಗಿರಣಿ ತಗಿಯೂದಿಲ್ಲ. ಅವತ್ತ ಉಳದ ದಿನಕ್ಕಿಂತ ಜಾಸ್ತಿ ಬರ್ತಾವ."

"ಹೂಂ, ಮುಂದ?"

"ಯಾಕಂದ್ರ ಅವತ್ತ ವೀರೇಂದ್ರ ತನ್ನ ಮಾಳಿಗಿ ಮ್ಯಾಲೆ ಒಣಮೆಣಸಿನಕಾಯಿ ಹರವಿ ಆಳಿಟ್ಟು ತೊಟ್ಟು ಬಿಡಸ್ತಾನ. ಅದರ ಧೂಳೆಲ್ಲಾ ನಮ್ಮ ಅಂಗಳಕ್ಕ ಬೀಳ್ತದ."

ವೀರೇಂದ್ರ ತಲೆ ತಗ್ಗಿಸಿದ. ನ್ಯಾಯಾಧೀಶರು ದೊಡ್ಡದಾಗಿ ಸೀನಿ, "ಬರ್ಕೊಳ್ರೀ," ಎಂದರು.

ನನಗೆ ಗೆದ್ದ ಅಮಲು ನೆತ್ತಿಗೇರಿತು. ಇನ್ನೂ ಏನೇನು ಹೊರಬರುತ್ತದೋ ನೋಡೋಣವೆಂದು ಮತ್ತೊಂದು 'ಹೂಂ'ಗೆ ಬಾಯಿ ತೆರೆದೆ. ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ನಾನು ಯೋಚಿಸುವ ಮೊದಲೇ ಕುಳಿತುಬಿಟ್ಟೆ.

"ನೀವು ಇನ್ನೇನಾದ್ರೂ ಕೇಳೋದಿದ್ಯಾ?" ಎಂದು ನ್ಯಾಯಾಧೀಶರು ವೀರೇಂದ್ರನ ವಕೀಲನನ್ನು ಕೇಳಿದರು. ಅವನು ಮೇಡಂ ಕಡೆ ನೋಡಿದ. ಕನ್ನಡಕ ಇನ್ನೂ ಅವರ ಕೈಯಲ್ಲೇ ಇತ್ತು. "ಇಲ್ರಿ ಸಾಹೇಬ್ರ," ಎಂದು ಅವನೂ ಕುಳಿತ. ಅವನೂ ನಮ್ಮ ಕಾಲೇಜಿನವನೇ.

ವೀರೇಂದ್ರನ ಮಾಳಿಗೆ ನೋಡಿ ಬರಲು ಕೋರ್ಟ್ ಕಮಿಷನರನ್ನು ಕಳಿಸುತ್ತೇನೆ ಎಂದು ನ್ಯಾಯಾಧೀಶರು ಅಂದದ್ದೇ ತಡ, ಊಟದ ಹೊತ್ತಿಗೆ ಅವನು ದಾವಾ ವಾಪಸ್ ತೆಗೆದುಕೊಂಡ. ಬುಡನಸಾಬರು ವರಾಂಡದಲ್ಲಿ ನನ್ನ ತಲೆ ಮೇಲೆ ಕೈಯಿಟ್ಟು ಅತ್ತೇಬಿಟ್ಟರು.

"ಮೇಘಾ, ಇಲ್ಲಿ ಬಾ," ಎಂದರು ಮೇಡಂ, ಕಂಬದ ಪಕ್ಕದಿಂದ. ಹೋದೆ. ಕೈ ತಾನಾಗಿ ಹಿಂದೆ ಕಟ್ಟಿಕೊಂಡಿತು.

"ಇನ್ನೊಂದು ಸಲ 'ಮುಂದ' ಅನ್ನಾಕ ಬಾಯಿ ತಗದಿದ್ದೀ ಹೌದಿಲ್ಲೋ?"

"ಹೌದ್ರಿ."

"ಅಂದಿದ್ರ ನಾ ಏನ್ ಹೇಳ್ತಿದ್ದೆ ಗೊತ್ತೈತೇನು? ಮಾಳಿಗಿ ಧೂಳು ಸುಗ್ಗಿ ಮುಗಿಯೂತನಕ, ಗಿರಣಿ ಘಾಟು ಮಾತ್ರ ವರ್ಷಪೂರ್ತಿ ಅಂತ. ಕಿಡಕಿಗೆ ಜಾಳಗಿ ಹಾಕಸ್ರಿ ಅಂತ ಬುಡನಸಾಬ್ರಿಗೆ ಹೇಳಿ ಹೇಳಿ ಸಾಕಾಗೇತಿ."

"ಮತ್ತ ಯಾಕ ಹೇಳಲಿಲ್ರಿ ಮೇಡಂ?"

"ಕೇಳಿದ್ರ ಹೇಳ್ತಿದ್ದೆ, ಪ್ರಮಾಣ ಮಾಡೇನಿ. ನೀ ಕೇಳಲಿಲ್ಲ. ಕುಂತಿ."

ನನ್ನ ಹಿಂದೆಯೇ ಬಂದಿದ್ದ ಬುಡನಸಾಬರು ನಾಳೆಯೇ ಜಾಳಿಗೆ ಹಾಕಿಸುವುದಾಗಿ ಕೈಮುಗಿದರು. ನನಗೆ ಕಣ್ಣು ತುಂಬಿ ಬಂತು. ಕಾಲೇಜು ಬಿಟ್ಟು ಇಷ್ಟು ವರ್ಷವಾದರೂ ಇವರು ನನ್ನನ್ನು ಬಿಟ್ಟಿಲ್ಲವಲ್ಲ ಎನಿಸಿತು.

"ಮೇಡಂ, ಇವತ್ತ ನೀವು ಇರಲಿಲ್ಲಂದ್ರ ನನ್ನ ಗತಿ ಏನಾಗ್ತಿತ್ತು, ನಾ ಜೀವ ಇರೂತನಕ ಇದನ್ನ ಮರಿಯೂದಿಲ್ಲ, ಖರೇ ಹೇಳಬೇಕಂದ್ರ ಕಾಲೇಜಿನ್ಯಾಗ..."

ಮೇಡಂ ಕೈ ಕನ್ನಡಕಕ್ಕೆ ಹೋಯಿತು. ವರಾಂಡದಲ್ಲಿ ಬೆಂಚಿರಲಿಲ್ಲ, ಮೆಟ್ಟಿಲ ಮೇಲೇ ಕುಳಿತುಬಿಟ್ಟೆ.