ನಾಲ್ಕು ಮೊಳ ದೂರ

ಮೂರನೇ ಸಲ ನಿಂತಾಗ ನಫ್ತಾಲಿ ಲಿಪ್ಕಿನನ ಬಲಗೈ ಜೋಮು ಹಿಡಿದಿತ್ತು. ಯೆಹೂದಿಗಳಲ್ಲಿ ಶವಪೆಟ್ಟಿಗೆ ಹೊತ್ತವರು ಸಮಾಧಿಯ ದಾರಿಯಲ್ಲಿ ಏಳು ಸಲ ನಿಲ್ಲಬೇಕು. ಸತ್ತವರನ್ನು ಕಳಿಸಿಕೊಡಲು ನಮಗೇನೂ ಅವಸರವಿಲ್ಲ ಎಂದು ತೋರಿಸುವುದಕ್ಕೆ. ಮಾರ್ಚ್ ತಿಂಗಳಲ್ಲಿ, ಕೆನಡಾದ ವಿನಿಪೆಗ್ಗಿನಲ್ಲಿ, ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ, ಅವಸರವಿಲ್ಲದವರು ಒಬ್ಬರೂ ಇರಲಿಲ್ಲ.

"ಮೇಷ್ಟ್ರು ಬದುಕಿದ್ದಾಗಲೂ ಹೀಗೇ," ಎಂದ ಹಿಂದಿನ ಮೂಲೆ ಹೊತ್ತಿದ್ದ ಮೋಟ್ಕೆ ಶುಸ್ಟರ್. ಕೊಳಾಯಿ ರಿಪೇರಿ ಮಾಡುವವನು, ನಫ್ತಾಲಿಯ ಜೊತೆಗೇ ಕಲಿತವನು. "ಒಂದು ಸಾಲು ಹಾಡೋಕೆ ಏಳು ಸಲ ನಿಲ್ಲಿಸ್ತಿದ್ರು."

"ಸುಮ್ನಿರೋ. ಹಿಂದೆ ಫ್ರೂಮಾ ಅಮ್ಮ ಬರ್ತಿದ್ದಾರೆ."

"ಅವರಿಗೆ ಕಿವಿ ಕೇಳಲ್ಲ ಬಿಡೋ."

"ಬೇಕಾದ್ದು ಕೇಳುತ್ತೆ," ಎಂದರು ಹಿಂದಿನಿಂದ ಮೇಷ್ಟ್ರ ಹೆಂಡತಿ. ಎಂಬತ್ತೆಂಟು ವರ್ಷ, ಕೈಯಲ್ಲಿ ಕೋಲು, ನಾಲಿಗೆ ಮಾತ್ರ ಹರೆಯದ್ದು. "ನಡೀರಿ, ಕಾಲು ಮರಗಟ್ತಿದೆ."

ಹೊತ್ತಿದ್ದ ಉಳಿದ ಐದೂ ಜನ ನಕ್ಕರು. ನಫ್ತಾಲಿಗೆ ನಗು ಬರಲಿಲ್ಲ. ಅವನ ಕೋಟಿನ ಜೇಬಿನಲ್ಲಿ ಮಡಿಸಿದ ಕಾಗದವಿತ್ತು. ತಪ್ಪು ಮಾಡಿದವನು ಸತ್ತವರ ಕ್ಷಮೆಯನ್ನು ಹತ್ತು ಜನರ ಎದುರು ಬಾಯಿಬಿಟ್ಟು ಕೇಳಬೇಕು, ಅದು ಪದ್ಧತಿ. ಮಣ್ಣು ಹಾಕುವ ಮುಂಚೆ ಎರಡು ಮಾತು ಹೇಳುತ್ತೇನೆ ಎಂದು ಅವನು ಧರ್ಮಗುರು ರಬ್ಬಿಗೆ ತಿಳಿಸಿದ್ದ. ಯಾವ ಎರಡು ಮಾತು ಎಂದು ಹೇಳಿರಲಿಲ್ಲ. ಮೇಷ್ಟ್ರ ಕೆಲಸ ಹೋಗಿದ್ದು ಯಾರಿಂದ ಎಂದು ಈ ಮುದುಕಿಗೆ ಇವತ್ತು ಗೊತ್ತಾಗುತ್ತದೆ. ಆಮೇಲೆ ಆ ಮನೆಯ ಮೆಟ್ಟಿಲು ಹತ್ತುವುದು ಹೇಗೆ?

*

ಬೆರೆಲ್ ಟಬಾಚ್ನಿಕ್ ಮೇಷ್ಟ್ರು ಹಗಲು ಬೇಕರಿಯ ವ್ಯಾನು ಓಡಿಸುತ್ತಿದ್ದರು. ಸಂಜೆ ಪ್ರಾರ್ಥನಾಮಂದಿರವಾದ ಸಿನಗಾಗಿನ ನೆಲಮಾಳಿಗೆಯ ಶಾಲೆಯಲ್ಲಿ ಹುಡುಗರಿಗೆ ಧರ್ಮಗ್ರಂಥ ತೋರಾ ಓದುವ ರಾಗ ಕಲಿಸುತ್ತಿದ್ದರು. ಹದಿಮೂರು ತುಂಬಿದ ವಾರ ಹುಡುಗ ಎಲ್ಲರೆದುರು ನಿಂತು ಆ ವಾರಕ್ಕೆ ಗೊತ್ತಾದ ಭಾಗವನ್ನು ತೋರಾದ ಸುರುಳಿ ನೋಡಿ ಹಾಡಬೇಕು. ಸುರುಳಿಯಲ್ಲಿ ರಾಗದ ಗುರುತು ಒಂದೂ ಇರುವುದಿಲ್ಲ. ಎಲ್ಲವೂ ತಲೆಯಲ್ಲೇ ಇರಬೇಕು, ಅದಕ್ಕೆ ಒಂಬತ್ತು ತಿಂಗಳ ಪಾಠ.

"ಕತ್ತೆ ಕೂಡ ಕಿರುಚೋ ಮುಂಚೆ ಉಸಿರು ತಗೊಳ್ಳುತ್ತೆ ಕಣೋ," ಎನ್ನುತ್ತಿದ್ದರು. "ನಿನಗೇನು ಧಾಡಿ?"

ಮೊದಲ ದಿನವೇ ಮೇಷ್ಟ್ರು ಕೇಳಿದ್ದರು: "ಹುಟ್ಟಿದ್ದು ಸೂರ್ಯ ಮುಳುಗೋ ಮುಂಚೆನೋ, ಆಮೇಲೋ? ಅಮ್ಮನ್ನ ಕೇಳ್ಕೊಂಡು ಬಾ." ನಮ್ಮಲ್ಲಿ ದಿನ ಶುರುವಾಗುವುದೇ ಸೂರ್ಯ ಮುಳುಗಿದ ಮೇಲೆ. ಹತ್ತು ನಿಮಿಷ ಹೆಚ್ಚುಕಮ್ಮಿಯಾದರೆ ಹುಟ್ಟಿದ ತಾರೀಖೇ ಬೇರೆ.

ನಫ್ತಾಲಿ ಕೇಳಲಿಲ್ಲ. ಹೊರಗೆ ಗೆಳೆಯರು ಹಾಕಿ ಆಟಕ್ಕೆ ಕಾಯುತ್ತಿದ್ದರು. ಮರುದಿನ "ಹಗಲು, ಅಮ್ಮ ಹೇಳಿದ್ರು" ಎಂದು ರೈಲು ಬಿಟ್ಟ. ಮೇಷ್ಟ್ರು ಪಂಚಾಂಗ ನೋಡಿ ವಾರ ಗೊತ್ತುಮಾಡಿದರು. ಯೋಸೇಫನು ತನ್ನನ್ನು ಮಾರಿದ ಅಣ್ಣಂದಿರ ಮುಂದೆ ಅತ್ತು, ನಾನೇ ನಿಮ್ಮ ತಮ್ಮ ಎಂದು ಹೇಳಿಕೊಳ್ಳುವ ಭಾಗ. ಒಂಬತ್ತು ತಿಂಗಳು ಕಲಿತು ನಫ್ತಾಲಿ ಅದನ್ನು ನಿದ್ದೆಯಲ್ಲೂ ಹಾಡುವಂತಾದ.

ಇನ್ನು ಹತ್ತು ದಿನ ಎನ್ನುವಾಗ ಅಮ್ಮ ಮೇಷ್ಟ್ರ ಜೊತೆ ಫೋನಿನಲ್ಲಿ ಮಾತಾಡುತ್ತಾ ಕಿರುಚಿಕೊಂಡಳು. ಅವನು ಹುಟ್ಟಿದಾಗ ಬೀದಿದೀಪ ಹತ್ತಿತ್ತು! ಆ ಶನಿವಾರಕ್ಕೆ ಹದಿಮೂರು ತುಂಬಲು ಒಂದೇ ಒಂದು ದಿನ ಕಡಿಮೆ. ಹಾಡುವುದು ಅದರ ಮುಂದಿನ ಶನಿವಾರವೇ, ಮುದುಕ ಯಾಕೋಬ ಸಾಯುವ ಭಾಗ. ಕಾರ್ಡು ಹಂಚಿಯಾಗಿತ್ತು, ಊಟಕ್ಕೆ ಹೇಳಿಯಾಗಿತ್ತು. ಕೊನೆಗೆ ನಫ್ತಾಲಿ ಹೊಸ ಭಾಗದ ಮೂರೇ ವಾಕ್ಯ ತೊದಲಿ ಕೆಳಗಿಳಿದ.

ಶಾಲೆಯ ಸಮಿತಿಯವರು ಮೇಷ್ಟ್ರನ್ನು ಕರೆಸಿದರು. ನಫ್ತಾಲಿ ಬಾಗಿಲಾಚೆ ನಿಂತಿದ್ದ. "ತಪ್ಪು ನನ್ನದೇ," ಎಂಬ ಅವರ ಮಾತು ಕೇಳಿಸಿತು. ಹುಡುಗನ ಹೆಸರೇ ಎತ್ತಲಿಲ್ಲ. ಆ ತಿಂಗಳೇ ಅವರನ್ನು ಶಾಲೆಯಿಂದ ಬಿಡಿಸಿದರು. ಅಲ್ಲಿಂದ ಮುಂದೆ ಮೇಷ್ಟ್ರು ಕಲಿಸಿದ್ದೆಲ್ಲ ಮನೆಯ ಅಡುಗೆಕೋಣೆಯಲ್ಲಿ.

ನಲವತ್ತೈದು ವರ್ಷ. ಆ ಅಡುಗೆಕೋಣೆಗೆ ನಫ್ತಾಲಿ ನೂರು ಸಲ ಹೋಗಿದ್ದ. ಮಾತು ನಾಲಿಗೆ ತುದಿಗೆ ಬರುತ್ತಿತ್ತು, ಚಹಾದ ಜೊತೆ ಒಳಕ್ಕೆ ಹೋಗುತ್ತಿತ್ತು. ಈಗ ಅವನೇ ಮಕ್ಕಳಿಗೆ ರಾಗ ಕಲಿಸುತ್ತಾನೆ. ಆಸ್ಪತ್ರೆಯ ಕಾಗದದಲ್ಲಿ ಹುಟ್ಟಿದ ಗಂಟೆ ನೋಡದೆ ಪಾಠ ಶುರುಮಾಡುವುದಿಲ್ಲ. ಯೋಸೇಫನ ವಾರ ಬಂದರೆ ಮಾತ್ರ ನೆಗಡಿ ಎಂದು ಹೇಳಿ ಓದನ್ನು ಇನ್ನೊಬ್ಬರಿಗೆ ದಾಟಿಸುತ್ತಾನೆ.

*

ಪೆಟ್ಟಿಗೆ ಕೆಳಗಿಳಿಯಿತು. ಟೊರೊಂಟೊದಿಂದ ಹೋದ ವರ್ಷವಷ್ಟೇ ಬಂದ ಎಳೆಯ ರಬ್ಬಿ ಗೋಲನ್ ತಲೆಯಾಡಿಸಿದರು. ನಫ್ತಾಲಿ ಕಾಗದ ತೆಗೆದ. ಅಕ್ಷರ ಕಾಣಲಿಲ್ಲ. ಕಾಗದ ಮುದುರಿ ಬಾಯಿಗೆ ಬಂದಂತೆ ಹೇಳಿದ.

"ಮೇಷ್ಟ್ರೇ, ನೀವು ಕೇಳಿದ್ರಿ, ನಾನು ಸುಳ್ಳು ಹೇಳಿದೆ. ಅಮ್ಮನ್ನ ಕೇಳೇ ಇರಲಿಲ್ಲ. ನಿಮ್ಮ ಕೆಲಸ ಹೋಗಿದ್ದು ನನ್ನಿಂದ. ನೀವು ತಪ್ಪನ್ನ ತಲೆ ಮೇಲೆ ಹಾಕ್ಕೊಂಡ್ರಿ, ನಾನು ಬಾಯಿ ಬಿಡಲಿಲ್ಲ. ಕ್ಷಮಿಸಿಬಿಡಿ."

ಫ್ರೂಮಾ ಅಮ್ಮ ಕೋಲೂರಿಕೊಂಡು ಹತ್ತಿರ ಬಂದರು.

"ಏನು ಹೇಳಿದ್ದೆ ಅವರಿಗೆ?"

"ಹಗಲು ಹುಟ್ಟಿದ್ದು ಅಂತ."

"ನಿಮ್ಮಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ಯಾರು, ಗೊತ್ತಾ?"

"ಅಕ್ಕಪಕ್ಕದವರು ಅಂತಿದ್ಲು."

"ನಾವೇ ಕಣೋ ಅಕ್ಕಪಕ್ಕದವರು!" ಫ್ರೂಮಾ ಅಮ್ಮ ಕೋಲಿನಿಂದ ಹಿಮ ಕುಟ್ಟಿದರು. "ನಿಮ್ಮಪ್ಪ ರೈಲ್ವೆ ಡ್ಯೂಟಿ ಮೇಲೆ ಹೋಗಿದ್ರು, ಟ್ಯಾಕ್ಸಿ ಬರಲಿಲ್ಲ. ಬ್ರೆಡ್ ವ್ಯಾನಲ್ಲಿ ಕರ್ಕೊಂಡು ಹೋದ್ವಿ. ಇವರು ಹೆಡ್‌ಲೈಟ್ ಹಾಕ್ಕೊಂಡು ಓಡಿಸ್ತಿದ್ರು, ನಾನು ಹಿಂದೆ ಕೂತು ಅವಳ ಕೈ ಹಿಡ್ಕೊಂಡಿದ್ದೆ. ನೀನಿನ್ನೂ ಹುಟ್ಟೇ ಇರಲಿಲ್ಲ, ಆಗಲೇ ಕತ್ತಲು!"

ನಫ್ತಾಲಿ ಮುದುರಿದ ಕಾಗದವನ್ನು ಜೇಬಿಗೆ ತುರುಕಿದ.

"ಹದಿಮೂರು ವರ್ಷಕ್ಕೆ ಇವರಿಗೆ ಎಲ್ಲ ಮರೆತುಹೋಗಿತ್ತು. ನನಗೂ ಹೊಳೀಲಿಲ್ಲ. ನಿಮ್ಮಮ್ಮ ಫೋನಲ್ಲಿ ಕಿರುಚಿದ್ದು ಮತ್ಯಾಕೆ? ಕರ್ಕೊಂಡು ಹೋದವರು ನೀವೇ, ನಿಮಗೇ ಗೊತ್ತಿಲ್ವಾ ಅಂತ! ಹುಡುಗನಿಗೆ ಹೇಳಬೇಡಿ ಅಂತ ಇವರು ಬೇಡಿಕೊಂಡ್ರು. ಗೊತ್ತಾದ್ರೆ ನಗ್ತಾನೆ, ಆಮೇಲೆ ಮಾತು ಕೇಳಲ್ಲ ಅಂತ. ತಪ್ಪನ್ನ ಯಾರ ಪರವಾಗೂ ಹೊತ್ಕೊಳ್ಳಲಿಲ್ಲಪ್ಪ, ಅವರದೇ ಆಗಿತ್ತು."

"ಆದ್ರೆ ಶಾಲೆ ಹೋಯ್ತಲ್ಲಮ್ಮ."

"ಹೋದ್ರೆ ಹೋಗ್ಲಿ, ಆ ನೆಲಮಾಳಿಗೆಯ ಥಂಡಿ! ಚಹಾ ಕುಡೀತಾ, ಮನೆ ಚಪ್ಪಲಿ ಹಾಕ್ಕೊಂಡು ಪಾಠ ಹೇಳೋ ಸುಖ ಅಲ್ಲೆಲ್ಲಿತ್ತು?" ಅವರ ದನಿ ತಗ್ಗಿತು. "ಅವರಿಗೆ ಕೊರಗು ಒಂದೇ. ನನ್ನ ಮರೆವಿಂದ ಹುಡುಗನ ಹಾಡು ಹೋಯ್ತು, ಕಲಿತಿದ್ದನ್ನ ಒಂದು ಸಲನೂ ಹಾಡಲಿಲ್ಲ ಅಂತಿದ್ರು. ಪ್ರತಿ ವರ್ಷ ಆ ವಾರ ನಿನಗೆ ನೆಗಡಿ ಬರೋದು ನಮಗೆ ಗೊತ್ತಿಲ್ವಾ? ಅವರ ಮೇಲಿನ ಸಿಟ್ಟು ಅಂದ್ಕೊಂಡಿದ್ರು."

"ಸಿಟ್ಟಾ? ನನಗಾ?" ನಫ್ತಾಲಿಗೆ ಅಳು ಬಂತೋ ನಗು ಬಂತೋ, ಎರಡೂ ಒಟ್ಟಿಗೇ ಬಂದವು. ಎದೆ ಮೇಲಿನ ಕಲ್ಲು ಇಳಿಯಿತು ಎನ್ನುತ್ತಾರಲ್ಲ, ಅದು ಸುಮ್ಮನೆ ಮಾತಲ್ಲ; ಬೆನ್ನು ನೆಟ್ಟಗಾದದ್ದು ಅವನಿಗೇ ಗೊತ್ತಾಯಿತು. ಮೋಟ್ಕೆ ಮುಖ ತಿರುಗಿಸಿ ಕೈಗವುಸಿನಿಂದ ಮೂಗು ಒರೆಸಿಕೊಂಡ.

"ಇನ್ನೂ ಬರುತ್ತಾ ಅದು?" ಫ್ರೂಮಾ ಅಮ್ಮ ಕೇಳಿದರು.

"ಬರುತ್ತೆ."

"ಹಾಗಾದ್ರೆ ಹಾಡು."

ರಬ್ಬಿ ಗೋಲನ್ ಮುಂದೆ ಬಂದರು. "ಕ್ಷಮಿಸಿ ಅಮ್ಮ, ಸತ್ತವರಿಂದ ನಾಲ್ಕು ಮೊಳದೊಳಗೆ ತೋರಾ ಹಾಡೋ ಹಾಗಿಲ್ಲ. ಅವರಿಗೆ ಇನ್ನು ಹಾಡೋಕಾಗಲ್ಲ ಅಂತ ಅಣಕಿಸಿದ ಹಾಗಾಗುತ್ತೆ."

"ನಾಲ್ಕು ಮೊಳ ತಾನೆ? ಹಿಂದಕ್ಕೆ ಹೋಗಲಿ."

ರಬ್ಬಿ ಗುಂಡಿಯಿಂದಾಚೆಗಿನ ಹಿಮವನ್ನು ಕಣ್ಣಲ್ಲೇ ಅಳೆದರು. ಆಮೇಲೆ ತಾವೇ ಮೊದಲು ಹಿಂದಕ್ಕೆ ಹೆಜ್ಜೆಯಿಟ್ಟರು. ಮೋಟ್ಕೆ ಬಗ್ಗಿ ಹಿಮದ ಮೇಲೆ ಮೊಣಕೈಯೂರಿ ಒಂದು, ಎರಡು ಎಂದು ಅಳೆದ. ಪೈಪು ಅಳೆದು ಅಭ್ಯಾಸವಿದ್ದ ಕೈ, ಇರಲಿ ಎಂದು ಇನ್ನೊಂದು ಮೊಳ ಸೇರಿಸಿತು. ಬೋಳುತಲೆಯ, ಬಿಳಿಗಡ್ಡದ ಮೂವತ್ತು ನಲವತ್ತು ಜನ ಶಿಷ್ಯರು ಆ ಗೆರೆಯಾಚೆ ಸರಿದು ನಿಂತರು. ಫ್ರೂಮಾ ಅಮ್ಮ ಮಾತ್ರ ಗುಂಡಿಯ ಅಂಚಿನಿಂದ ಕದಲಲಿಲ್ಲ. "ನಾನೇನು ಹಾಡ್ತೀನಾ?" ಎಂದರು.

ನಫ್ತಾಲಿ ಕಣ್ಣುಮುಚ್ಚಿ ಶುರುಮಾಡಿದ. ಒಂದು ವಾಕ್ಯವೂ ಎಲ್ಲಿಗೂ ಹೋಗಿರಲಿಲ್ಲ. ಯೋಸೇಫನು ಎಲ್ಲರನ್ನೂ ಹೊರಗೆ ಕಳಿಸಿದ, ಗಟ್ಟಿಯಾಗಿ ಅತ್ತ, ನಾನೇ ಎಂದ. ಅಣ್ಣಂದಿರನ್ನು ಹತ್ತಿರ ಕರೆಯುವ ಕಡೆ ನಫ್ತಾಲಿಯ ರಾಗ ಜಾರಿತು. ಸಿನಗಾಗಿನಲ್ಲಿ ಓದುವವನು ತಪ್ಪಿದರೆ ಯಾರು ಸುಮ್ಮನಿರುತ್ತಾರೆ? ಅಷ್ಟೂ ಮುದುಕರು ಒಂದೇ ಬಾಯಲ್ಲಿ ಸರಿಯಾದ ರಾಗವನ್ನು ಕೂಗಿದರು. ಎಲ್ಲರದೂ ಅದೇ ಮೇಷ್ಟ್ರ ರಾಗ. ನಫ್ತಾಲಿ ಹಿಂದಕ್ಕೆ ಹೋಗಿ ಆ ಮಾತನ್ನು ಮತ್ತೆ ಎತ್ತಿಕೊಂಡ.

ಫ್ರೂಮಾ ಅಮ್ಮ ಕೋಲಿನ ಮೇಲೆ ಭಾರ ಹಾಕಿ, ಗುಂಡಿಯ ಕಡೆ ಬಗ್ಗಿದರು.

"ಕೇಳಿದ್ರಾ?" ಎಂದರು. "ಇನ್ನೂ ತಪ್ತಾನೆ."