ಉಗುರು ತಡೆದ ಜಾಗ

ಟರ್ರ್ ಎನ್ನುತ್ತ ನಂಬರು ಹೊಡೆಯುವ ಯಂತ್ರದ ಪಿನ್ನು ಕ್ರೇನು ಕೊಕ್ಕೆಯ ಉಕ್ಕಿನ ಮೇಲೆ ಕುಣಿಯುತ್ತಿದೆ, ಚುಕ್ಕೆಗೆ ಚುಕ್ಕೆ ಸೇರಿ ಎಂಟಾಗುತ್ತದೆ, ಎಂಟರ ಪಕ್ಕ ಮೂರು, ಎಷ್ಟು ಚೆನ್ನಾಗಿ ಬರುತ್ತಿದೆ ಇವತ್ತು, ನಿನ್ನೆಯವರೆಗೂ ಮೊಂಡು ಪಿನ್ನು ಕೊಕ್ಕೆಯನ್ನು ಸುಮ್ಮನೆ ಸವರಿಕೊಂಡು ಹೋಗುತ್ತಿತ್ತು, ಬಣ್ಣ ಹೊಡೆದರೆ ನಂಬರೇ ಮಾಯ. ಬೆಳಿಗ್ಗೆ ಫಿಟ್ಟರ್ ಹೊಸ ಪಿನ್ನು ಹಾಕಿ, ಏಟಿನ ಬಲ ಏರಿಸಿ, ಕೊಕ್ಕೆಯನ್ನು ಕಚ್ಚಿ ಹಿಡಿಯುವ ಹಿಡಿಕೆಯನ್ನೂ ಬಿಚ್ಚಿ ಒರೆಸಿ ಮತ್ತೆ ಕೂರಿಸಿ, ನೋಡಕ್ಕಾ, ಮುತ್ತು ಪೋಣಿಸ್ದಂಗಿದೆ ಅಂದ, ಮೇಸ್ತ್ರಿಯೂ ಬಗ್ಗಿ ನೋಡಿ ತಲೆದೂಗಿದರು, ಅವಳು ಎಂದಿನಂತೆ ಹೆಬ್ಬೆರಳ ಉಗುರನ್ನು ನಂಬರಿನ ಮೇಲೆ ಎಳೆದಳು — ಟಿಕ್ ಟಿಕ್ ಟಿಕ್, ಪ್ರತಿ ಗುಳಿಯಲ್ಲೂ ಉಗುರು ತಡೆದು ಮುಂದೆ ಸರಿಯಿತು, ಆಳ ಸರಿಯಾಗಿದೆ, ಕಳಿಸಿ ಅಂದಳು. ಕಣ್ಣು ಬೇಕಾದರೆ ಮೋಸಹೋಗಲಿ, ಉಗುರು ಹೋಗುವುದಿಲ್ಲ. ಆ ಉಗುರಿಗೆ ಹಚ್ಚೋಕೆ ಬಣ್ಣದ ಸೀಸೆ ತಂದ್ರೆ ಕಬ್ಬಿಣ ಕೆರೀತೀಯಲ್ಲೇ ಎಂದು ತಂಗಿ ನಕ್ಕಿದ್ದಳು, ನಗಲಿ, ಮನೆಯಲ್ಲಿ ನಗುವವರು ಒಬ್ಬರಾದರೂ ಬೇಕಲ್ಲ, ನಿನ್ನೆಯಿಂದ ಗಂಡ ಮಾತೇ ಆಡಿಲ್ಲ. ಅವರು ಅಂಗಳದಲ್ಲಿ ಕ್ರೇನಿಗೆ ಕೈಸನ್ನೆ ಮಾಡುವವರು, ಮನೆಯಲ್ಲೂ ಅದೇ ಚಾಳಿ, ನೀರು ಬೇಕೆಂದರೂ ಬೆರಳು, ದೀಪ ಆರಿಸೆಂದರೂ ಬೆರಳು, ಆ ತೂಕದ ಪಕ್ಕ ನಿಲ್ಲೋ ಕೆಲಸ ಬಿಟ್ಬಿಡಿ, ನಂಗೆ ಭಯ ಆಗುತ್ತೆ ಎಂದು ಅವಳು ನಿನ್ನೆ ಅಂದದ್ದಕ್ಕೆ, ಕೊಕ್ಕೆಗೆ ನಂಬರು ಹೊಡೆಯೋಳು ನೀನೇ ಅಲ್ವೇನೇ, ನಿನ್ನ ಕೈಕೆಲಸ ನಾನು ನಂಬಬಾರ್ದಾ ಅಂದರು, ಅವಳು ಮತ್ತೆ ಬಾಯಿ ತೆರೆದಾಗ ಅಂಗೈ ಎತ್ತಿದರು. ನಿಲ್ಲಿಸು. ಮೈಯೆಲ್ಲ ಉರಿದುಹೋಗಿತ್ತು ಅವಳಿಗೆ ಆ ಅಂಗೈ ಕಂಡು.

ಮುಂದಿನ ಕೊಕ್ಕೆ ಎತ್ತಿಕೊಂಡಳು, ಹಿಡಿಕೆಗೆ ಕೂರಿಸಿದಳು, ಕೊಕ್ಕೆಯ ಹೊಟ್ಟೆ ಪಿನ್ನಿನ ಕಡೆಗಿದೆ — ಹೊಟ್ಟೆ ಯಾಕೆ ಈ ಕಡೆ, ಕತ್ತು ತಾನೇ ಇಲ್ಲಿರಬೇಕು, ನಂಬರು ಬೀಳಬೇಕಾದ್ದು ನೆಟ್ಟಗಿನ ದಪ್ಪ ಕತ್ತಿನ ಮೇಲೆ, ಬಾಗಿದ ಒಳಮೈ ಮೇಲೆ ಒಂದು ಗೀರೂ ಕೂಡದು, ಭಾರವೆಲ್ಲ ಜಗ್ಗುವುದು ಅಲ್ಲೇ, ಗೀರು ಬಿದ್ದರೆ ಉಕ್ಕು ಬಿರಿದು ಬಾಯಿಬಿಡುವುದೂ ಅಲ್ಲೇ. ಹಿಡಿಕೆ ತಿರುಗಾಮುರುಗಾ ಕೂತಿದೆ. ಬೆಳಿಗ್ಗೆಯಿಂದ. ಅಂಕಿ ಹೇಗಿದೆ ಎಂದು ಮೂವರೂ ನೋಡಿದರು, ಎಲ್ಲಿದೆ ಎಂದು ಒಬ್ಬರೂ ನೋಡಲಿಲ್ಲ. ಉಗುರು ಆಳ ಹೇಳಿತು, ಜಾಗ ಹೇಳಲಿಲ್ಲ, ಅಯ್ಯೋ ದೇವರೇ, ಮೊದಲನೆಯ ಕೊಕ್ಕೆ ಎಲ್ಲಿ, ಆಗ್ಲೇ ತೂಕದ ಪರೀಕ್ಷೆಗೆ ಹೋಯ್ತಲ್ಲಕ್ಕಾ ಅಂದ ಫಿಟ್ಟರ್, ಕಾಲು ತಾನಾಗಿಯೇ ಓಡುತ್ತಿದೆ, ಎಣ್ಣೆ ಜಾರುವ ನೆಲ, ಬಣ್ಣದ ವಾಸನೆ, ಬಾಗಿಲು, ಕಣ್ಣು ಕುಕ್ಕುವ ಬಿಸಿಲು, ಅಲ್ಲಿ ಕ್ರೇನು, ಕ್ರೇನಿಗೆ ಅದೇ ಕೊಕ್ಕೆ, ಕೊಕ್ಕೆಗೆ ಕಾಂಕ್ರೀಟ್ ದಿಮ್ಮಿ, ನೆಲದಿಂದ ಆಗಲೇ ಮೊಳದಷ್ಟು ಮೇಲೆ, ಪಕ್ಕದಲ್ಲಿ ಅವರು, ಬೆರಳು ಆಕಾಶಕ್ಕೆ ತೋರಿಸಿ ಸುತ್ತಿಸುತ್ತಿದ್ದಾರೆ, ಏರಿಸು, ಏರಿಸು, ರೀ ಎಂದು ಕೂಗಿದಳು, ಇಂಜಿನ್ನಿನ ಸದ್ದು ಕೂಗನ್ನು ನುಂಗಿತು, ಇನ್ನೊಮ್ಮೆ ಕೂಗಿದರೂ ಅಷ್ಟೇ, ಮದುವೆಯಾದ ಹೊಸದರಲ್ಲಿ ಅವರೇ ಹೇಳಿದ್ದು, ಏರಿಸು ಅನ್ನೋಕೆ ನಾನೊಬ್ನೇ, ನಿಲ್ಸು ಅನ್ನೋಕೆ ಮಾತ್ರ ಯಾರಾದ್ರೂ ಆಗುತ್ತೆ ಕಣೇ, ಕಸ ಗುಡಿಸೋರು ಕೈ ಎತ್ತಿದ್ರೂ ಕ್ರೇನು ನಿಲ್ಲಲೇಬೇಕು. ಅವಳು ಅಂಗೈ ಎತ್ತಿದಳು.

ಕ್ರೇನು ನಿಂತಿತು. ತೂಗಾಡುತ್ತ ದಿಮ್ಮಿ ಇಳಿಯಿತು, ನೆಲ ಮುಟ್ಟಿತು, ಹಗ್ಗ ಸಡಿಲಾಯಿತು, ಏನೇ ಇದು, ಎಲ್ಲರ ಮುಂದೆ, ತಲೆ ಕೆಟ್ಟಿದೆಯಾ ನಿಂಗೆ, ಮಾತಾಡಿದರಲ್ಲ ಅಂತೂ, ಬದುಕಿದ್ದಾರೆ, ಬೈಯುತ್ತಿದ್ದಾರೆ, ಬೈಯಲಿ, ಅವಳಿಗೆ ಅಳು ಬಂತು, ಕೊಕ್ಕೆಯ ಬಾಗಿನೊಳಗೆ ಕೈ ಹಾಕಿ ಹೆಬ್ಬೆರಳ ಉಗುರನ್ನು ಎಳೆದಳು, ಟಿಕ್ ಟಿಕ್ ಟಿಕ್, ಎಂಟು, ಮೂರು, ಕೊನೆಯ ಗುಳಿ ದಾಟಿತು, ಇನ್ನು ಬರೀ ನುಣುಪು, ಇನ್ನು ಏನೂ ಇರಬಾರದು — ಉಗುರು ತಡೆಯಿತು. ಹಿಂದಕ್ಕೆ ತಂದು ಮತ್ತೆ ಎಳೆದಳು, ಅಲ್ಲೇ, ಚುಕ್ಕೆ ಇಲ್ಲದ ಕಡೆ, ಕೂದಲಷ್ಟು ಬಿರುಕು, ಮತ್ತೆ — ಉಗುರು ತಡೆಯಿತು.